ಹಕ್ಕರಿಕೆ ಮಾಗಲೆಂದು ಕಾದವನು

"ಗುರುಗಳೇ, ನಾನು ಎಂದಿಗೆ ಪಕ್ವನಾಗುತ್ತೇನೆ?"

ಗದಿಗೆಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ಚಳಿಗಾಲದ ಬೆಳಗು. ಯಾರೋ ಪುಣ್ಯವಂತರು ಕಪ್ಪು ಮಣ್ಣಿನ ಎರೆಹೊಲದ ಹಕ್ಕರಿಕೆ ಸೊಪ್ಪನ್ನು ಒಂದು ಬುಟ್ಟಿ ತುಂಬ ದಾಸೋಹಕ್ಕೆ ತಂದುಕೊಟ್ಟಿದ್ದರು. ಬೇಯಿಸುವ ಗೋಜಿಲ್ಲದ ಸೊಪ್ಪು ಅದು. ತೊಳೆದು ರೊಟ್ಟಿಯ ಮಗ್ಗುಲಿಗೆ ಇಟ್ಟರಾಯಿತು.

ಗದಿಗೆಯ್ಯ ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಓದಿಕೊಂಡಿದ್ದ, ಹಾಡಿಕೊಂಡಿದ್ದ, ಬೆಳಗಿನ ಪೂಜೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಮಠದ ಹೊಸ್ತಿಲು ದಾಟಿ ಯಾರಿಗೂ ಒಂದು ಮಾತು ಹೇಳಿರಲಿಲ್ಲ.

"ಈಗ ಯಾಕೆ ಈ ಪ್ರಶ್ನೆ ಬಂತು?" ಎಂದರು ಗುರುಗಳು.

"ಹೊಳೆಯಾಚೆಯ ಹಟ್ಟಿಯ ಬಾಳಪ್ಪ ಮತ್ತೆ ಬಂದು ಕುಳಿತಿದ್ದಾನೆ, ಗುರುಗಳೇ. ಇದು ಏಳನೆಯ ಸಲ. ಅವರ ಹಟ್ಟಿಯಲ್ಲಿ ಸಂಜೆ ಹಾಡುತ್ತಿದ್ದ ಮುದುಕರು ತೀರಿಕೊಂಡರಂತೆ. ಮಕ್ಕಳು ದೇವರ ಹೆಸರು ಮರೆಯುತ್ತಿವೆ, ನೀವು ಬಂದು ಎರಡು ಮಾತು ಹೇಳಿರಿ, ಎರಡು ಪದ ಹಾಡಿರಿ ಎನ್ನುತ್ತಾನೆ. ನಾನು ಏನು ಹೇಳಲಿ? ನಾನೇ ಇನ್ನೂ ಕಾಯಿ. ಕಾಯಿಯನ್ನು ಪ್ರಸಾದವೆಂದು ಹಂಚಬಹುದೇ? ಪಕ್ವನಾದ ಮೇಲೆ ಹೋಗೋಣವೆಂದು ಕಾಯುತ್ತಿದ್ದೇನೆ."

ಗದಿಗೆಯ್ಯನದು ಸೋಮಾರಿತನವಲ್ಲ, ಭಯ. ದೇವರ ಕೆಲಸ ಕೆಡಬಾರದೆಂಬ ಭಯ. ಹೋಗದಿದ್ದರೆ ಹಟ್ಟಿಯ ಮಕ್ಕಳ ಪಾಪ ತಲೆಗೆ, ಹೋಗಿ ತಪ್ಪು ಹೇಳಿದರೆ ಆ ಪಾಪವೂ ತಲೆಗೆ. ಆರು ತಿಂಗಳಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಗುರುಗಳು ಬುಟ್ಟಿಯನ್ನು ಅವನ ಕಡೆಗೆ ಸರಿಸಿದರು. "ಕೈ ಖಾಲಿ ಬಿಡಬೇಡ. ಬೇರು ತೆಗೆ, ಹಣ್ಣೆಲೆ ತೆಗೆ. ಒಂದು ಕತೆ ಹೇಳುತ್ತೇನೆ" ಎಂದರು.

ಗದಿಗೆಯ್ಯ ಎದುರಿಗೆ ಕುಳಿತು ಸೊಪ್ಪಿಗೆ ಕೈ ಹಾಕಿದ. ಗುರುಗಳು ಕತೆ ಹೇಳತೊಡಗಿದರು.

ಒಂದು ಬೆಟ್ಟದ ಸೆರಗಿನಲ್ಲಿ ಒಬ್ಬ ತೋಟಿಗನಿದ್ದ. ಕೆಂಪು ಮಣ್ಣಿನ ಸೀಮೆ. ಅಲ್ಲಿಯವರೆಲ್ಲ ಹಣ್ಣು ಬೆಳೆಯುವವರೇ. ಈ ತೋಟಿಗನದು ಮಾವು ಮತ್ತು ಅಂಜೂರ. ಅವನಂಥ ತಾಳ್ಮೆಯವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ತೊಟ್ಟನ್ನು ಮೂಸಿ ನೋಡದೆ ಹಣ್ಣಿಗೆ ಕೈ ಹಾಕುತ್ತಿರಲಿಲ್ಲ. 'ಕಾಯಿಗೆ ಕೈ ಹಾಕಿದವನು ಶಿವನ ಕೆಲಸಕ್ಕೆ ಅಡ್ಡ ಬಂದ ಹಾಗೆ' ಎಂದು ಅವನ ತಂದೆ ಹೇಳಿಕೊಟ್ಟಿದ್ದ. ಮಗ ಅದನ್ನು ಮಂತ್ರದಂತೆ ಪಾಲಿಸಿದ. ಅವನ ತೋಟದ ಹಣ್ಣು ಬುಟ್ಟಿಯಿಂದ ಇಳಿಯುವ ಮೊದಲೇ ಬಿಕರಿಯಾಗುತ್ತಿತ್ತು.

ಒಂದು ವರ್ಷ ದಸರೆ ಮುಗಿಯುವ ಹೊತ್ತಿಗೆ ಅವನ ತಾಯಿಗೆ ಜ್ವರ ಬಂತು. ಇಪ್ಪತ್ತೊಂದು ದಿನ ಬಿಡಲಿಲ್ಲ. ಬಿಟ್ಟು ಹೋಗುವಾಗ ಜ್ವರ ಅವಳ ನಾಲಿಗೆಯ ರುಚಿಯನ್ನೂ ಜೊತೆಗೆ ಒಯ್ದಿತು. ಉಪ್ಪಿನಕಾಯಿ ಇಟ್ಟರೂ ಸಪ್ಪೆ, ಬೆಲ್ಲ ಇಟ್ಟರೂ ಸಪ್ಪೆ. ಗಂಜಿಯ ತಿಳಿ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದಳು.

ವೈದ್ಯ ನಾಡಿ ಹಿಡಿದು ನೋಡಿದ. "ರೋಗ ಹೋಗೈತಿ. ನನ್ನ ಔಷಧ ಮುಗೀತು. ಇನ್ನ ಹೊಟ್ಟಿಗೆ ರೊಟ್ಟಿ ಬೀಳಬೇಕು. ಬೀಳಲಿಲ್ಲಂದ್ರ ನನ್ನ ಕೈಯಾಗಿಲ್ಲಪ್ಪಾ" ಎಂದು ಚೀಲ ಕಟ್ಟಿದ.

ತೋಟಿಗನ ಹೆಂಡತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ತಾಯಿ, ಮಗ ಇಬ್ಬರೇ. ಮಗನೇ ರೊಟ್ಟಿ ಬಡಿಯುತ್ತಿದ್ದ. ಅವನ ರೊಟ್ಟಿ ಬಾಗಿಲಿಗೆ ಒತ್ತುಕೊಡಲು ಆಗುವಂತಿರುತ್ತಿತ್ತು. ತಿನ್ನಲು ಆಗುತ್ತಿರಲಿಲ್ಲ. ಅಂಜೂರ ತಂದಿಟ್ಟ, ಮಾವಿನ ಹಪ್ಪಳ ತಂದಿಟ್ಟ. ಎಲ್ಲವೂ ಇಟ್ಟಲ್ಲೇ ಉಳಿದವು. ಮೊಮ್ಮಗುವಿನ ಮುಖ ನೋಡುವವರೆಗಾದರೂ ತಾಯಿ ಉಳಿಯುತ್ತಾಳೋ ಇಲ್ಲವೋ ಎಂದು ಅವನಿಗೆ ಜೀವ ಹಾರಿಹೋದಂತಾಗಿತ್ತು.

ಒಂದು ದಿನ ಅವಳ ಕಾಲ ಬಳಿ ಕುಳಿತು ಕೇಳಿದ. "ಯವ್ವಾ, ಏನ್ ತಿನ್ನಬೇಕನಸ್ತದ ಹೇಳು. ಭೂಮಿ ಮ್ಯಾಲ ಎಲ್ಲಿದ್ರೂ ತರ್ತೀನಿ."

ತಾಯಿಗೆ ತವರು ನೆನಪಾಯಿತು. ಅವಳ ತವರು ದೂರದ ಎರೆ ಸೀಮೆ. ಮದುವೆಯಾಗಿ ಈ ಕೆಂಪು ಮಣ್ಣಿಗೆ ಬಂದು ನಲವತ್ತು ವರ್ಷವಾಗಿತ್ತು.

"ನಮ್ಮೂರಾಗ ಚಳಿಗಾಲಕ್ಕ ಹಕ್ಕರಿಕಿ ತಿಂತಿದ್ವಿ. ಹಸೀದು. ರೊಟ್ಟಿ ಮ್ಯಾಲ ಸ್ವಲ್ಪ ಎಣ್ಣಿ, ಸ್ವಲ್ಪ ಗುರೆಳ್ಳಪುಡಿ, ಒಂದು ಹಿಡಿ ಹಕ್ಕರಿಕಿ. ಅದೇನರ ಸಿಕ್ಕಿದ್ರ ಒಂದು ರೊಟ್ಟಿ ಉಂಡೇನು, ನೋಡು."

ಬೆಟ್ಟದ ಸೆರಗಿನಲ್ಲಿ ಆ ಸೊಪ್ಪಿನ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಹಸಿ ಎಲೆ ತಿನ್ನುವುದು ಆಡು ಮಾತ್ರ ಎಂದು ನಂಬಿದ್ದ ಜನ ಅವರು. ತೋಟಿಗ ಎರಡು ದಿನ ನಡೆದು ಸೋದರಮಾವನ ಊರಿಗೆ ಹೋದ. ಸೊಪ್ಪನ್ನೇ ತರೋಣವೆಂದರೆ ದಾರಿಯಲ್ಲಿ ಬಾಡಿಹೋಗುವಂಥದ್ದು. ಅದಕ್ಕೆ ಅರಿವೆಯ ಗಂಟಿನಲ್ಲಿ ಬೀಜ ತಂದ.

ಬಿತ್ತುವ ದಿನ ಸ್ನಾನ ಮಾಡಿದ, ವಿಭೂತಿ ಹಚ್ಚಿಕೊಂಡ, ಹಾರೆ ಹಿಡಿದು ಹಿತ್ತಲಿಗೆ ಇಳಿದ. ತಾಯಿ ಮಂಚದ ಮೇಲಿಂದ ಬಾಗಿಲಾಚೆ ನೋಡುತ್ತಿದ್ದಳು. ಮಗ ಮೊಣಕಾಲುದ್ದ ಗುಂಡಿ ತೋಡಿದ. ಹನ್ನೆರಡು ಹೆಜ್ಜೆ ಅಳೆದು ಇನ್ನೊಂದು ಗುಂಡಿ ತೋಡಿದ. ಮತ್ತೆ ಹನ್ನೆರಡು ಹೆಜ್ಜೆ, ಮತ್ತೊಂದು ಗುಂಡಿ. ಆಮೇಲೆ ಗಂಟು ಬಿಚ್ಚಿ, ಇರುವೆಯ ತಲೆಯಷ್ಟಿದ್ದ ಒಂದು ಬೀಜವನ್ನು ಎರಡು ಬೆರಳಿನಲ್ಲಿ ಹಿಡಿದು ಗುಂಡಿಯೊಳಗೆ ಬಗ್ಗಿದ.

ಎರಡು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ನಗು ಕೇಳಿತು.

"ಏ ತಮ್ಮಾ, ಮಾವಿನ ಸಸಿ ನೆಡಾಕತ್ತೀಯೇನೋ? ಗುಂಡಿ ಮುಚ್ಚೋ. ಒಂದ್ ಹಿಡಿ ಉಸುಕಿನಾಗ ಬೀಜ ಕಲಸಿ ಮಡಿಗೆ ಉಗ್ಗು, ಸಾಕು!"

ತೋಟಿಗ ನಾಚಿಕೊಂಡ, ನಕ್ಕ. ಗುಂಡಿ ಮುಚ್ಚಿ, ಪಾತಿ ಮಾಡಿ ಮಡಿ ಕಟ್ಟಿ, ತಾಯಿ ಹೇಳಿದಂತೆ ಬೀಜ ಉಗ್ಗಿದ. ಚಳಿ ಬಿತ್ತು. ಎಂಟು ದಿನಕ್ಕೆ ಮೊಳಕೆ ಬಂತು. ಇಪ್ಪತ್ತೈದು ದಿನಕ್ಕೆ ಮಡಿಯ ತುಂಬ ನಾಲ್ಕು ಬೆರಳುದ್ದದ ಎಲೆಗಳು ನೆಲಕ್ಕೆ ಅಂಟಿ ಹರಡಿದವು. ಮುಂಜಾನೆಯ ಇಬ್ಬನಿಯಲ್ಲಿ ಅವು ಹೊಳೆಯುವುದನ್ನು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತಿತ್ತು.

ತಾಯಿ ಕೇಳಿದಳು. "ಬಂದಾವೇನು? ಒಂದ್ ಹಿಡಿ ಚೂಟಿಕೊಂಡ್ ಬಾ ಮತ್ತ."

"ಇನ್ನೂ ಎಳೇದು ಯವ್ವಾ. ಮಾಗಲಿ ತಡಿ. ನಿನಗ ನಾನು ಎಳೇಕಾಯಿ ತಿನಸ್ಲೇನು?"

"ಎಳೇದ ಚಲೋ ಇರ್ತದೋ."

ಗದಿಗೆಯ್ಯಾ, ಇಲ್ಲಿ ಸ್ವಲ್ಪ ಗಮನಿಸು. ತೋಟಿಗ ತಾಯಿಯ ಮಾತನ್ನು ಕೇಳಿಸಿಕೊಂಡ, ನಂಬಲಿಲ್ಲ. ಯಾಕೆ? ಅವನು ಚಿಕ್ಕವನಿದ್ದಾಗ ತಾಯಿ ಮಾವಿನ ಹಣ್ಣಿನ ತಿರುಳೆಲ್ಲ ಅವನಿಗೆ ಕೊಟ್ಟು, 'ನನಗ ಗೊರಟಾನ ಸೇರ್ತೈತಿ' ಎಂದು ಗೊರಟು ಚೀಪುತ್ತಿದ್ದಳು. ಮೆತ್ತನೆಯ ರೊಟ್ಟಿ ಅವನಿಗೆ ಹಾಕಿ, 'ಸೀದದ್ದು ರುಚಿ' ಎಂದು ಸೀದದ್ದನ್ನು ತಾನು ಮುರಿದುಕೊಳ್ಳುತ್ತಿದ್ದಳು. ದೊಡ್ಡವನಾದ ಮೇಲೆ ಅವನಿಗೆ ಅದೆಲ್ಲ ತಿಳಿದಿತ್ತು. ಈಗಲೂ ಹಾಗೆಯೇ ಹೇಳುತ್ತಿದ್ದಾಳೆ, ಮಗನಿಗೆ ಕಾಯುವ ಕಷ್ಟ ಬೇಡವೆಂದು ಎಳೆಯದೇ ಸಾಕು ಅನ್ನುತ್ತಿದ್ದಾಳೆ ಎಂದುಕೊಂಡ. 'ಈ ಸಲ ಇವಳಿಗೆ ಗೊರಟು ಕೊಡುವುದಿಲ್ಲ. ಪೂರ್ಣ ಮಾಗಿದ್ದನ್ನೇ ಕೊಡುತ್ತೇನೆ' ಎಂದು ದೇವರ ಮುಂದೆ ದೀಪ ಹಚ್ಚಿ ಹರಕೆ ಹೊತ್ತ.

ಮಗನ ಪ್ರೀತಿಯಲ್ಲಿ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಆದರೆ ತಾಯಿ ಗಂಜಿಯ ತಿಳಿಯಲ್ಲೇ ದಿನ ನೂಕುತ್ತಿದ್ದಳು. ಕೈಯ ಬಳೆ ಮೊಣಕೈವರೆಗೆ ಸರಿದುಹೋಗುತ್ತಿತ್ತು.

ತೋಟಿಗ ಮಡಿಯ ಸುತ್ತ ಮುಳ್ಳಿನ ಬೇಲಿ ಹಾಕಿದ. ಹಗಲೆಲ್ಲ ಅಲ್ಲೇ ಕುಳಿತು ಕಾದ. ಒಂದು ಎಲೆಯನ್ನೂ ಯಾರೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಅವನು ಬಾವಿಗೆ ಹೋಗಿ ಬರುವಷ್ಟರಲ್ಲಿ, ನೆರೆಮನೆಯ ಕರಿ ಆಡು ಬೇಲಿ ಹಾರಿ ಮಡಿಯ ಒಂದು ಮೂಲೆಯನ್ನು ಬುಡಮಟ್ಟ ಮೇಯ್ದುಬಿಟ್ಟಿತು. ತೋಟಿಗ ಕೋಲು ಹಿಡಿದು ಊರಾಚೆಯವರೆಗೆ ಅಟ್ಟಿದ. ಬಂದು ತಾಯಿಯ ಮುಂದೆ ಅಳುವವನ ಹಾಗೆ ಕುಳಿತ.

"ನಿನ್ನ ಪಾಲು ಆಡು ತಿಂತು ಯವ್ವಾ."

"ಆತು ಬಿಡಪ್ಪಾ. ಅದರ ಹಣೀಬಾರ ಚಲೋ ಐತಿ" ಎಂದು ತಾಯಿ ಮಗ್ಗುಲು ಬದಲಿಸಿದಳು.

ಆ ಮೂಲೆ ಸತ್ತಿತು ಎಂದು ತೋಟಿಗ ಅದನ್ನು ಮರೆತ. ಮಡಿಗೆ ಬಿಟ್ಟ ನೀರು ತಾನೇ ಅಲ್ಲಿಗೂ ಹರಿಯುತ್ತಿತ್ತು. ಅಷ್ಟೇ.

ಮಾಘದ ಬಿಸಿಲು ಏರತೊಡಗಿತು. ಉಳಿದ ಹಕ್ಕರಿಕೆ ನೆಲ ಬಿಟ್ಟು ಎದ್ದಿತು. ನಡುವಿನಿಂದ ದಂಟು ಹೊರಟಿತು. ಮೊಣಕಾಲೆತ್ತರ ಬೆಳೆಯಿತು. ಒಂದು ಬೆಳಗ್ಗೆ ದಂಟಿನ ತುದಿಯಲ್ಲಿ ಹಳದಿ ಹೂ ಅರಳಿತು. ತೋಟಿಗನಿಗೆ ಆದ ಸಂತೋಷ ಹೇಳತೀರದು. ಹೂ ಬಂದರೆ ಹಣ್ಣು ದೂರವಿಲ್ಲ ಎಂಬುದು ಅವನ ಹುಟ್ಟಿನ ವಿದ್ಯೆ. ಓಡಿಬಂದ.

"ಯವ್ವಾ! ಹೂ ಬಿಟ್ಟೈತಿ!"

ತಾಯಿ ಎದ್ದು ಕುಳಿತಳು. ಹಣೆ ಹಣೆ ಬಡಿದುಕೊಂಡಳು. "ಹೂವಾ? ಅಯ್ಯ ನನ್ನಪ್ಪಾ! ನಮ್ಮೂರಾಗ ಯಾರೂ ಅಲ್ಲೀತನಕ ಬಿಡಂಗಿಲ್ಲೋ. ಅದು ಇನ್ನ ಬೀಜಕ್ಕಷ್ಟ."

"ಅಂದ್ರ ಮಾಗಿಲ್ಲೇನು?"

"ಅದು ಮಾಗೂದಲ್ಲೋ ಮಗನ. ಬಲೀತು."

ಆದರೂ ತೋಟಿಗ, ಎರಡೂವರೆ ತಿಂಗಳ ತಪಸ್ಸು ವ್ಯರ್ಥವಾಗಲಾರದು ಎಂದು ನಂಬಿ, ಮಡಿಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಎಲೆಗಳನ್ನು ಆರಿಸಿ ಕಿತ್ತ. ಕಿತ್ತಲ್ಲೆಲ್ಲ ಬಿಳಿ ಹಾಲು ಜಿನುಗಿತು. ತೊಳೆದ. ದೇವರಿಗೆ ತೋರಿಸಿದ. ರೊಟ್ಟಿ, ಎಣ್ಣೆ, ಗುರೆಳ್ಳುಪುಡಿ ಇಟ್ಟು ತಾಯಿಯ ಮುಂದೆ ತಂದ.

ತಾಯಿ ಮಗನ ಮುಖ ನೋಡಿದಳು, ಎಲೆಯ ಗಾತ್ರ ನೋಡಿದಳು. ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅವಳ ಮುಖವೆಲ್ಲ ಹುಣಸೆಯಂತೆ ಹಿಂಡಿಕೊಂಡಿತು.

"ಕಹಿ! ಬೇವಿನಕಿಂತ ಕಹಿ!"

ತೋಟಿಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಗ ತಾಯಿ ಅಗಿಯುವುದನ್ನು ಗಕ್ಕನೆ ನಿಲ್ಲಿಸಿದಳು. ಉಗುಳುವುದನ್ನೂ ಮರೆತಳು.

"ತಡಿಯೋ… ಕಹಿ ಅಂದ್ನ್ಯಾ ನಾನು? ನನಗ ಕಹಿ ಗೊತ್ತಾತಲ್ಲೋ! ನಾಲಿಗಿ ಬದುಕೈತಿ!"

ನಾಲ್ಕೂವರೆ ತಿಂಗಳಿಂದ ಮಂಚ ಬಿಟ್ಟಿಳಿಯದವಳು ಮಗನ ಹೆಗಲು ಹಿಡಿದು ಹಿತ್ತಲಿಗೆ ನಡೆದಳು. ಮಡಿಯ ದಂಡೆಯ ಮೇಲೆ ಕುಳಿತು ಒಂದು ಸಲ ಕಣ್ಣಾಡಿಸಿದಳು. ಹಳದಿ ಹೂಗಳ ನಡುವೆ ಆ ಮೂಲೆ ಕಂಡಿತು. ಆಡು ಮೇಯ್ದ ಮೂಲೆ. ಬುಡದಿಂದ ಮತ್ತೆ ಚಿಗುರಿ, ನಾಲ್ಕು ಬೆರಳುದ್ದದ ಎಳೆ ಎಲೆ ತುಂಬಿ, ಮೊದಲಿನ ದಿನದ ಹಾಗೆಯೇ ನೆಲಕ್ಕೆ ಅಂಟಿ ನಿಂತಿತ್ತು.

"ರೊಟ್ಟಿ ಇಲ್ಲೇ ತಾ" ಎಂದಳು ತಾಯಿ.

ಅವಳು ಬುಡ ಉಳಿಸಿ ಎಲೆ ಚೂಟಿದಳು. ಅಲ್ಲೇ ಕುಳಿತು ರೊಟ್ಟಿಯ ಮೇಲೆ ಹರಡಿಕೊಂಡಳು. ಮಗನ ಬಾಗಿಲೊತ್ತಿನಂಥ ರೊಟ್ಟಿಯನ್ನು ಅಂಚಿನಿಂದ ಅಂಚಿನವರೆಗೆ ತಿಂದು ಮುಗಿಸಿದಳು. ಇನ್ನೊಂದು ಕೇಳಿದಳು. ತೋಟಿಗ ನಿಂತು ನೋಡುತ್ತಲೇ ಇದ್ದ. ಅವನ ಕಣ್ಣಿಂದ ನೀರು ಹರಿಯುತ್ತಿತ್ತು. ಬಾಯಿ ಮಾತ್ರ ನಗುತ್ತಿತ್ತು. ತಾಯಿ ಒಂದು ಹಿಡಿ ಎಲೆಯನ್ನು ಅವನ ಬಾಯಿಗೂ ತುರುಕಿದಳು. ಅಗಿದು ನೋಡಿದ. ಹಗುರ, ತಂಪು. ಕೊನೆಗೆ ಕಹಿಯೊಂದು ಹೌದೋ ಅಲ್ಲವೋ ಎಂಬಂತೆ ಸೋಂಕಿ ಹೋಯಿತು. ಅವನು ಬೆಳೆದ ಯಾವ ಹಣ್ಣಿನಲ್ಲೂ ಆ ರುಚಿ ಇರಲಿಲ್ಲ.

"ಯವ್ವಾ, ಎಳೇದ ಚಲೋ ಅಂತ ನೀ ಅಂದದ್ದು ಖರೇನ?"

"ಖರೇನಪಾ."

"ಹಂಗಾದ್ರ ಗೊರಟ ಸೇರ್ತೈತಿ ಅಂತಿದ್ದೆಲ್ಲಾ, ಅದೂ ಖರೇನ?"

"ಅದು ಸುಳ್ಳು" ಎಂದಳು ತಾಯಿ. "ಅಷ್ಟೂ ತಿಳೀವಲ್ದೇನು ನಿನಗ?"

ಇಬ್ಬರೂ ದಂಡೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ಸದ್ದಿಗೆ ಕರಿ ಆಡು ಬೇಲಿಯಾಚೆ ಬಂದು ಇಣುಕಿತು. ತಾಯಿ ಅದನ್ನು ತೋರಿಸಿ, "ನೋಡು, ನಿನ್ನ ಗುರು ಬಂದ. ಕೈಮುಗಿ" ಎಂದಳು. ತೋಟಿಗ ಸುಳ್ಳಲ್ಲ, ನಿಜವಾಗಿಯೂ ಕೈಮುಗಿದ. ಮರುದಿನ ಬಲಿತ ದಂಟನ್ನೆಲ್ಲ ಬುಡಮಟ್ಟ ಕೊಯ್ದು ಆ ಆಡಿಗೇ ಹಾಕಿದ. ಬೀಜಕ್ಕೆಂದು ನಾಲ್ಕೇ ಗಿಡ ಬಿಟ್ಟ. ಉಳಿದ ಬುಡವೆಲ್ಲ ಚಿಗುರಿತು. ತಾಯಿ ದಿನವೂ ಚೂಟಿದಳು. ಚೂಟಿದಷ್ಟೂ ಬಂತು. ಹೋಳಿಯ ಹೊತ್ತಿಗೆ ಸೊಸೆ ಕೂಸನ್ನು ಎತ್ತಿಕೊಂಡು ಬಂದಾಗ ಮುದುಕಿ ಮಂಚದ ಮೇಲಿರಲಿಲ್ಲ. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿಯಲ್ಲಿ ಇನ್ನು ಒಂದು ಹಿಡಿ ಸೊಪ್ಪು ಉಳಿದಿತ್ತು.

ಕತೆ ಕೇಳುವಾಗ ಗದಿಗೆಯ್ಯ ಎರಡು ಮೂರು ಸಲ ನಕ್ಕಿದ್ದ. ಆಡಿಗೆ ಕೈಮುಗಿದ ಮಾತಿಗಂತೂ ಜೋರಾಗಿಯೇ ನಕ್ಕಿದ್ದ. ಈಗ ಅವನು ಮತ್ತೆ ಗಂಭೀರನಾದ. ಬೆರಳಿಗೆ ಅಂಟಿದ್ದ ಸೊಪ್ಪಿನ ಹಾಲನ್ನು ಉಜ್ಜಿಕೊಂಡ. ಹೊರಗೆ ಜಗುಲಿಯ ಮೇಲೆ ಬಾಳಪ್ಪ ಯಾರಿಗೋ ಹೇಳುತ್ತಿದ್ದ ಮಾತು ಕೇಳಿಸುತ್ತಿತ್ತು. "ಏಳು ಸಲ ಬಂದೀನ್ರಿ. ಎಂಟನೇ ಸಲನೂ ಬರ್ತೀನಿ. ಅಜ್ಜಾರ ಮಠದ ಅಂಬಲಿ ಅಂತೂ ಚಲೋ ಇರ್ತೈತಿ."

"ಗುರುಗಳೇ" ಎಂದ ಗದಿಗೆಯ್ಯ, "ತೋಟಿಗನ ತಪ್ಪು ತಿಳಿಯಿತು. ಆದರೆ ನನ್ನ ಸಂಶಯ ಹೋಗಲಿಲ್ಲ. ಅವನ ತಂದೆ ಹೇಳಿಕೊಟ್ಟದ್ದು ಸುಳ್ಳಲ್ಲವಲ್ಲ. ಮಾವಿಗೆ ಕಾಯಲೇಬೇಕು. ಅಂಜೂರಕ್ಕೆ ಕಾಯಲೇಬೇಕು. ಎಳೆಯದನ್ನು ಕಿತ್ತರೆ ಹಲ್ಲು ಚುಳ್ಳೆನ್ನುತ್ತದೆ, ಗಿಡಕ್ಕೂ ನೋವು. ಹಣ್ಣು ಮಾಗುವವರೆಗೆ ಕಾಯುವುದು ಧರ್ಮವೇ ಅಲ್ಲವೇ?"

"ಧರ್ಮವೇ" ಎಂದರು ಗುರುಗಳು.

ಅವರು ಕೊನೆಯ ಹಿಡಿ ಸೊಪ್ಪನ್ನು ನೀರಿನಲ್ಲಿ ಅದ್ದಿ ಕೊಡವಿದರು. ಅದನ್ನು ಗದಿಗೆಯ್ಯನ ಕೈಗಿಟ್ಟು, ಅವನ ಮುಖವನ್ನೇ ನೋಡುತ್ತ, ನಗುತ್ತ ಕೇಳಿದರು.

"ಗದಿಗೆಯ್ಯಾ, ನೀನು ಹಣ್ಣೆಂದು ನಿನಗೆ ಹೇಳಿದವರು ಯಾರು?"

ಗದಿಗೆಯ್ಯ ಆ ಹಿಡಿ ಸೊಪ್ಪನ್ನು ಹಿಡಿದುಕೊಂಡೇ ಎದ್ದು, ಬಾಳಪ್ಪ ಕುಳಿತಿದ್ದ ಜಗುಲಿಯ ಕಡೆಗೆ ನಡೆದ.